ನಿಘಂಟುಕಾರ ಕಿಟ್ಟೆಲ್

ಮೈಸೂರಿನಿಂದ ಬನ್ನೂರಿನ ಮೂಲಕ ಮಳವಳ್ಳಿಗೆ ಹೋಗುವ ಹಾದಿಯಲ್ಲಿ ಕಿರುಗಾವಲು ಎಂಬ ಊರಿದೆ. ಈ ಹೆಸರನ್ನು ಬಿಡಿಸಿ ನೋಡಿದರೆ ‘ಕಿರು’, ‘ಕಾವಲು’ ಎಂಬ ಎರಡು ಪದಗಳು ಕಾಣುತ್ತವೆ. ಕಿರು ಎಂದರೆ ಚಿಕ್ಕದು; ಅದರಲ್ಲಿ ಸಂದೇಹವಿಲ್ಲ. ಕಾವಲು ಎಂದರೇನು? ಹೊಲದ ಬೆಳೆಗೆ ಕಾವಲು ಕೂರುವುದುಂಟು. ಮನೆಗೆ ಕಾವಲು ಇಡುವುದುಂಟು. ಕಳ್ಳನನ್ನು ಕಾವಲಿನಲ್ಲಿ ಇರಿಸುವುದುಂಟು. ಆದರೆ ಮೈಸೂರು ಸೀಮೆಯ ದನಗಾಹಿಯನ್ನು ಕೇಳಿದರೆ, ದನಕರುಗಳು ಮೇಯಲೆಂದು ಕಾದಿರಿಸಿದ ಹುಲ್ಲಿನ ಬಯಲು ಎಂದು ಅವನು ಹೇಳುತ್ತಾನೆ. ಅಮೃತಮಹಲ್ ರಾಸುಗಳಿಗಾಗಿ ಅರಸರ ಕಾಲದಲ್ಲಿ ಬಿಟ್ಟಿದ್ದ ವಿಶಾಲವಾದ ಬಯಲುಗಳಿಗೂ ಕಾವಲು ಎಂದೇ ಹೆಸರು. ಒಂದು ಪದಕ್ಕೆ ಇಷ್ಟು ಅರ್ಥಗಳಿರುವಾಗ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಅದರ ನೆರೆಯಲ್ಲಿರುವ ಪದಗಳೇ ಹೇಳಬೇಕು.

ಈ ಊರಿನಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳು ಹಲವಾರಿವೆ. ಆ ಮನೆಗಳ ಮಕ್ಕಳು ತಾಯಿಯೊಡನೆ ಉರ್ದುವನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆಯುತ್ತಾರೆ. ಕಾವಲು ಎಂಬುದರ ಅರ್ಥಗಳನ್ನು ಯಾರೂ ಅವರಿಗೆ ಪಟ್ಟಿ ಮಾಡಿ ಕೊಡುವುದಿಲ್ಲ. ಬೆಳೆಯ ಕಾವಲು, ಮನೆಯ ಕಾವಲು ಎಂದು ಹಿರಿಯರು ಆಡಿದ್ದನ್ನು ಕೇಳಿ, ಕೇಳಿದ್ದನ್ನು ಆಡಿ, ತಪ್ಪಿದರೆ ಗೆಳೆಯರಿಂದ ನಗಿಸಿಕೊಂಡು, ಆ ಮಕ್ಕಳು ಎರಡನೆಯ ಭಾಷೆಯನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಮಕ್ಕಳಿಗೆ ಅರಿವಿಲ್ಲದೆಯೇ ಒದಗುವ ಈ ವಿದ್ಯೆಯನ್ನು ಬೆಳೆದ ಮೇಲೆ, ಏಳು ಸಮುದ್ರಗಳಾಚೆಯಿಂದ ಬಂದು, ಅರಿತು ಸಾಧಿಸಿದ ಒಬ್ಬ ಮಹನೀಯರಿದ್ದರು. ಕನ್ನಡಿಗರೆಲ್ಲರೂ ಹೆಸರನ್ನು ಬಲ್ಲ, ಆದರೆ ಬಾಳನ್ನು ಅಷ್ಟಾಗಿ ಅರಿಯದ ಆ ವ್ಯಕ್ತಿಯೇ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ಲರು ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯದ ಕಡಲಂಚಿನ ಪೂರ್ವ ಫ್ರೀಸಿಯಾ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಆ ಪ್ರಾಂತ್ಯದ ಹಳ್ಳಿಗರ ಆಡುಮಾತು ಕೆಳಜರ್ಮನ್. ಶಾಲೆಯಲ್ಲಿ, ಚರ್ಚಿನಲ್ಲಿ, ಪುಸ್ತಕದಲ್ಲಿ ಮೇಲ್ಜರ್ಮನ್. ಹೀಗೆ ಬೀದಿಯ ಮಾತಿಗೂ ಓದಿನ ಮಾತಿಗೂ ಇರುವ ಅಂತರ ಆ ಬಾಲಕನಿಗೆ ಎಳವೆಯಿಂದಲೇ ಪರಿಚಿತವಾಗಿತ್ತು. ಮುಂದೆ ಗ್ರೀಕ್, ಲ್ಯಾಟಿನ್, ಹೀಬ್ರೂಗಳಂಥ ಪ್ರಾಚೀನ ಭಾಷೆಗಳನ್ನು ಅವರು ಅಭ್ಯಾಸ ಮಾಡಿದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸಂಸ್ಥೆಯನ್ನು ಸೇರಿ, ಮೂರು ವರ್ಷಗಳ ಶಿಕ್ಷಣವನ್ನು ಮುಗಿಸಿ, 1853ರಲ್ಲಿ ಭಾರತಕ್ಕೆ ಹೊರಟರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಹೊರಟವರು ಮರಳಿ ಮನೆಯವರ ಮುಖವನ್ನು ಕಾಣುವುದು ಯಾವಾಗಲೋ ಎಂಬಂಥ ಕಾಲವದು.

ಅವರ ಪಾಲಿಗೆ ಬಂದ ಊರು ಧಾರವಾಡ. ಆ ದಿನಗಳಲ್ಲಿ ಕನ್ನಡ ನಾಡು ಒಂದು ಆಡಳಿತದಲ್ಲಿರಲಿಲ್ಲ. ಧಾರವಾಡ ಮುಂಬಯಿ ಪ್ರಾಂತಕ್ಕೂ, ಮಂಗಳೂರು ಮದರಾಸು ಪ್ರಾಂತಕ್ಕೂ ಸೇರಿದ್ದವು. ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಕೊಡಗನ್ನು ಆಂಗ್ಲರು 1834ರಲ್ಲಿಯೇ ವಶಪಡಿಸಿಕೊಂಡಿದ್ದರು. ಈಶಾನ್ಯದ ಜಿಲ್ಲೆಗಳು ಹೈದರಾಬಾದಿನ ನಿಜಾಮನವು. ಧಾರವಾಡದ ಕಚೇರಿಗಳಲ್ಲಿ ಮರಾಠಿ ಮೆರೆಯುತ್ತಿತ್ತು. ಕನ್ನಡ ಹಳ್ಳಿಯ ಮಾತಾಗಿ, ಸಂತೆಯ ಮಾತಾಗಿ, ಮಠಗಳ ಹಾಗೂ ಹಾಡುಗಾರರ ಮಾತಾಗಿ ಉಳಿದಿತ್ತು. ಕಾವ್ಯಗಳೇನೋ ಇದ್ದವು, ಆದರೆ ಬಹುಪಾಲು ಓಲೆಗರಿಗಳಲ್ಲಿ, ಅಟ್ಟಗಳ ಮೇಲೆ. ಕಿಟ್ಟೆಲ್ಲರಿಗಿಂತ ಮೊದಲು ಬಂದಿದ್ದ ಹರ್ಮನ್ ಮೋಗ್ಲಿಂಗ್ ಎಂಬ ಬಾಸೆಲ್ ಮಿಷನರಿಯು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದನಲ್ಲದೆ, ಕೆಲವು ಹಳೆಯ ಕೃತಿಗಳನ್ನು ಅಚ್ಚಿಗೂ ತಂದಿದ್ದನು. ನಿಘಂಟು ಎಂದರೆ, ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ–ಇಂಗ್ಲಿಷ್ ನಿಘಂಟು ಇತ್ತು. ಅದು ಪ್ರಕಟವಾದದ್ದು ಕಿಟ್ಟೆಲ್ಲರು ಹುಟ್ಟಿದ 1832ರಲ್ಲಿಯೇ.

ಹೊಸದಾಗಿ ಬಂದ ಮಿಷನರಿಗಳು ಭಾಷೆ ಕಲಿಯುತ್ತಿದ್ದ ಸಾಮಾನ್ಯ ಕ್ರಮವೊಂದಿತ್ತು. ಮಿಷನ್ನಿನ ಆವರಣದೊಳಗೆ ಮುನ್ಷಿಯೊಬ್ಬನನ್ನು ಗೊತ್ತುಮಾಡಿಕೊಳ್ಳುವುದು. ಅಕ್ಷರಗಳನ್ನೂ ವಿಭಕ್ತಿ ಪ್ರತ್ಯಯಗಳನ್ನೂ ಬಾಯಿಪಾಠ ಮಾಡುವುದು. ಪದಕ್ಕೆ ಪದವನ್ನಿಟ್ಟು ಅರ್ಥ ಬರೆದುಕೊಳ್ಳುವುದು. ಬೈಬಲಿನ ಭಾಗಗಳನ್ನು ಓದಿ, ಉಪದೇಶ ಮಾಡುವಷ್ಟು ಮಾತು ಕೈಗೆ ಬಂದೊಡನೆ ಸಂತೆಗೆ ಹೊರಡುವುದು. ಹೀಗೆ ಕಲಿತವನ ಕನ್ನಡದಲ್ಲಿ ವ್ಯಾಕರಣದ ತಪ್ಪು ಇಲ್ಲದಿರಬಹುದು. ಕೇಳುವವನಿಗೆ ಮಾತ್ರ ಅದು ಕನ್ನಡವೆನಿಸುವುದಿಲ್ಲ. ಎದುರಿಗೆ ನಿಂತ ರೈತ ತಲೆದೂಗಿದರೂ ಅವನಿಗೆ ಹೊಕ್ಕದ್ದೆಷ್ಟು ಎಂದು ಉಪದೇಶಕನಿಗೆ ತಿಳಿಯುವುದಿಲ್ಲ.

ಕಿಟ್ಟೆಲ್ಲರು ಈ ಕ್ರಮಕ್ಕೆ ಕಟ್ಟುಬೀಳಲಿಲ್ಲ. ಅವರು ಆವರಣವನ್ನು ಬಿಟ್ಟು ಹೊರಗೆ ನಡೆದರು. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಸುತ್ತಾಡಿ ಜನರ ನಡುವೆ ಕುಳಿತು, ಅವರ ಮಾತನ್ನು ಕೇಳಿದರು. ಊರಿನವರು ಹೇಗೆ ನಡೆದುಕೊಳ್ಳುತ್ತಾರೆ, ಹೇಗೆ ಯೋಚಿಸುತ್ತಾರೆ ಎಂಬುದನ್ನು ತಿಳಿಯದೆ ಅವರ ಭಾಷೆ ತಿಳಿಯದೆಂಬುದು ಅವರ ನಂಬಿಕೆಯಾಗಿತ್ತು.

ಆ ಮಾತಿನ ಸತ್ಯವನ್ನು ಕಾಣುವುದಕ್ಕೆ ದೊಡ್ಡ ಉದಾಹರಣೆ ಬೇಕಿಲ್ಲ. ‘ಹಿಡಿ’ ಎಂಬ ಪುಟ್ಟ ಕ್ರಿಯಾಪದವನ್ನೇ ತೆಗೆದುಕೊಳ್ಳೋಣ. ಕೈಯಿಂದ ಹಿಡಿಯುವುದು ಎಂಬ ಅರ್ಥವನ್ನು ಹೊಸಬನೊಬ್ಬನು ಮೊದಲನೆಯ ದಿನವೇ ಬರೆದುಕೊಳ್ಳುತ್ತಾನೆ. ಮರುದಿನ ಮುಂಗಾರು ಮಳೆ ಹಿಡಿಯುತ್ತದೆ, ಮಳೆಗೆ ಕೈಗಳಿಲ್ಲ. ನೆನೆದ ಬೀಗಕ್ಕೆ ತುಕ್ಕು ಹಿಡಿಯುತ್ತದೆ. ಮಗು ಹಟ ಹಿಡಿಯುತ್ತದೆ. ದಾರಿಹೋಕ ತನ್ನೂರಿನ ದಾರಿ ಹಿಡಿಯುತ್ತಾನೆ. ಗಡಿಗೆ ನಾಲ್ಕು ಸೇರು ಹಿಡಿಯುತ್ತದೆ. ಕೆಲಸ ಎರಡು ದಿನ ಹಿಡಿಯುತ್ತದೆ. ಒಬ್ಬರ ನಡತೆ ನಮಗೆ ಹಿಡಿಸುತ್ತದೆ, ಇನ್ನೊಬ್ಬರದು ಹಿಡಿಸುವುದಿಲ್ಲ. ಗಂಡು ಹೆಣ್ಣಿನ ಕೈ ಹಿಡಿದನೆಂದರೆ ಮದುವೆಯಾಯಿತು; ಅಣ್ಣ ತಮ್ಮನ ಕೈ ಹಿಡಿದನೆಂದರೆ ಕಷ್ಟದಲ್ಲಿ ನೆರವಾದನು; ಮನೆಯ ಯಜಮಾನಿ ಕೈ ಬಿಗಿಹಿಡಿದಳೆಂದರೆ ಖರ್ಚು ಕಡಿಮೆಯಾಯಿತು. ಬರೆದುಕೊಂಡ ಮೊದಲ ಅರ್ಥವೊಂದನ್ನೇ ನಂಬಿಕೊಂಡವನು ಇವುಗಳಲ್ಲಿ ಯಾವ ಮಾತನ್ನೂ ತಿಳಿಯಲಾರ, ಆಡಲಂತೂ ಆಡಲಾರ. ಮಳೆಯನ್ನೂ ಹಿಡಿಯನ್ನೂ ಜೊತೆಯಾಗಿ, ತುಕ್ಕನ್ನೂ ಹಿಡಿಯನ್ನೂ ಜೊತೆಯಾಗಿ ಕೇಳಿದವನಿಗೆ ಮಾತ್ರ ಆ ಪದ ದಕ್ಕುತ್ತದೆ.

ಇನ್ನೊಂದು ಸಂಗತಿ. ಜರ್ಮನ್ ಭಾಷೆಯಲ್ಲಿ ಒಬ್ಬನು ಭಾಷೆಯನ್ನು ಬಲ್ಲನು ಎನ್ನುವಾಗ ಬಲ್ಲವನೇ ವಾಕ್ಯದ ಕರ್ತೃ. ಕನ್ನಡದಲ್ಲಿ ಹಾಗೂ ಹೇಳಬಹುದು; ಆದರೆ ಮನೆಯ ಮಾತಿನಲ್ಲಿ ನಾವು ಹೇಳುವುದು, ಅವನಿಗೆ ಕನ್ನಡ ಬರುತ್ತದೆ ಎಂದು. ಇಲ್ಲಿ ಕರ್ತೃಪದವು ಕನ್ನಡವೇ, ಬರುವುದು ಭಾಷೆ, ಅವನು ಚತುರ್ಥಿ ವಿಭಕ್ತಿಯಲ್ಲಿ ನಿಂತು ಅದು ಬರುವುದನ್ನು ಕಾಯಬೇಕು. ಹಸಿವಾಗುವುದೂ, ನೆನಪಾಗುವುದೂ, ನಾಚಿಕೆಯಾಗುವುದೂ ಹೀಗೆಯೇ. ಪರಭಾಷಿಕನೊಬ್ಬನು ತನ್ನ ಭಾಷೆಯ ವಾಕ್ಯಕ್ಕೆ ಕನ್ನಡದ ಪದಗಳನ್ನು ತೊಡಿಸಿದರೆ ಇಂಥ ಮಾತುಗಳು ಹುಟ್ಟಲಾರವು. ಅವನ್ನು ಇಡಿಯಾಗಿಯೇ ಕೇಳಿ, ಇಡಿಯಾಗಿಯೇ ಸ್ವೀಕರಿಸಬೇಕು.

ಕಿಟ್ಟೆಲ್ಲರಿಗೆ ಎದುರಾದ ಮತ್ತೊಂದು ತೊಡಕೆಂದರೆ ಕನ್ನಡದ ಪ್ರಾಂತಭೇದ. ಧಾರವಾಡದ ಸಂತೆಯಲ್ಲಿ ಉಳ್ಳಾಗಡ್ಡಿಯಾದದ್ದು ಮಂಗಳೂರಿನಲ್ಲಿ ನೀರುಳ್ಳಿ. ಮೈಸೂರು ಸೀಮೆಯಲ್ಲಿ ಅದೇ ಈರುಳ್ಳಿ. ಯಾವುದು ಸರಿ ಎಂದು ಕೇಳುವವನು ಭಾಷೆಯನ್ನು ಅರಿಯನು. ಯಾವುದು ಎಲ್ಲಿಯದು ಎಂದು ಕೇಳಬೇಕು. ಕಿಟ್ಟೆಲ್ಲರು ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬೇರೆ ಬೇರೆ ಕಾಲಗಳಲ್ಲಿ ನೆಲಸಿದ್ದರಿಂದ ಈ ಪ್ರಶ್ನೆಯನ್ನು ಕೇಳುವ ಅಭ್ಯಾಸ ಅವರಿಗೆ ಬೆಳೆಯಿತು.

ಆದರೆ ಅವರ ಈ ನಡೆ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಅವರನ್ನು ಕಳುಹಿಸಿದ್ದು ಮತಪ್ರಚಾರಕ್ಕೆ. ಕಾವ್ಯ ಓದುವುದಕ್ಕಲ್ಲ, ಹಳ್ಳಿಗರ ಗಾದೆಗಳನ್ನು ಕೂಡಿಹಾಕುವುದಕ್ಕೂ ಅಲ್ಲ. ಎಷ್ಟು ಮಂದಿ ಹೊಸ ಮತವನ್ನು ಸೇರಿದರು ಎಂಬ ಲೆಕ್ಕದಿಂದ ಅಳೆದರೆ ತರುಣ ಕಿಟ್ಟೆಲ್ಲರು ಸೋತವರೇ. ಜೊತೆಯ ಮಿಷನರಿಗಳಿಗೂ ಅವರಿಗೂ ಹೊಂದಿಕೆಯಾಗಲಿಲ್ಲ; ಊರಿಂದೂರಿಗೆ ವರ್ಗವಾಯಿತು; ಮನಸ್ಸಿಗೆ ನೋವಾಯಿತು. ಒಂದು ಮಾತನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಕಿಟ್ಟೆಲ್ಲರು ತಾವು ಬಂದ ಉದ್ದೇಶವನ್ನು ಎಂದೂ ತೊರೆದವರಲ್ಲ. ಕನ್ನಡಿಗರ ಮನಸ್ಸನ್ನು ಮುಟ್ಟಲು ಕನ್ನಡವನ್ನು ಬೇರುಮಟ್ಟ ಕಲಿಯಬೇಕೆಂದು ಹೊರಟವರು. ಆ ದಾರಿಯಲ್ಲಿ ನಡೆದಂತೆಲ್ಲ, ಕಲಿಸಲೆಂದು ಬಂದವರು ಕಲಿಯುವವರಾದರು. ಪ್ರಚಾರಕ್ಕೆಂದು ಹಿಡಿದ ಉಪಕರಣವೇ ಅವರ ಬಾಳಿನ ಕೆಲಸವಾಯಿತು. ಅವರನ್ನು ನಾವು ದೇವರಂತೆ ಪೂಜಿಸಬೇಕಾಗಿಲ್ಲ, ಅನುಮಾನದಿಂದ ದೂರವಿರಿಸಬೇಕಾಗಿಯೂ ಇಲ್ಲ. ಅವರು ಮಾಡಿಟ್ಟ ಕೆಲಸವನ್ನು ನೋಡಿದರೆ ಸಾಕು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯವಿತ್ತು, 1841ರಲ್ಲಿ ಸ್ಥಾಪನೆಯಾದದ್ದು. ಪುಸ್ತಕಗಳ ಕೆಲಸ ಕಿಟ್ಟೆಲ್ಲರ ಪಾಲಿಗೆ ಬಂದದ್ದು ಅವರ ಅದೃಷ್ಟವೆನ್ನಬೇಕು. 1862ರಲ್ಲಿ ಅವರ ‘ಕಥಾಮಾಲೆ’ ಹೊರಬಂದಿತು. ಅದು ಬೈಬಲಿನ ಕಥೆಗಳನ್ನು ಹೇಳುವ ಪದ್ಯಕೃತಿ. ಆದರೆ ಯುರೋಪಿನ ಹಾಡಿನ ಮಟ್ಟುಗಳನ್ನು ಬಿಟ್ಟು ಈ ನೆಲದ ಛಂದಸ್ಸಿನಲ್ಲಿ ಅದನ್ನು ರಚಿಸಿದರು. ಬಂದು ಹತ್ತು ವರ್ಷಗಳೂ ತುಂಬದ ಪರಕೀಯನೊಬ್ಬನು ಕನ್ನಡದಲ್ಲಿ ಪದ್ಯ ಕಟ್ಟುವುದೆಂದರೆ ಸಾಮಾನ್ಯವಲ್ಲ. ಅದರ ಕಾವ್ಯಗುಣವನ್ನು ಕುರಿತು ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಕನ್ನಡದ ಲಯ ಅವರ ಕಿವಿಗೆ ಹತ್ತಿತ್ತು ಎಂಬುದಂತೂ ನಿಜ.

ಇದೇ ಮಂಗಳೂರು ಅವರಿಗೆ ದೊಡ್ಡ ದುಃಖವನ್ನೂ ತಂದಿತು. 1860ರಲ್ಲಿ ಅವರು ಪೌಲಿನಾ ಎಂಬವರನ್ನು ಮದುವೆಯಾಗಿದ್ದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. ಕೆಲಕಾಲದ ಬಳಿಕ ಆಕೆಯ ತಂಗಿಯಾದ ಜೂಲಿಯವರನ್ನು ಕಿಟ್ಟೆಲ್ಲರು ವರಿಸಿದರು. ಈ ನಡುವಣ ವರ್ಷಗಳಲ್ಲಿಯೂ ಓದು ನಿಲ್ಲಲಿಲ್ಲ. ಓಲೆಗರಿಗಳನ್ನು ತರಿಸಿ, ಪಂಡಿತರನ್ನು ಕೂಡಿಕೊಂಡು, ಹಳಗನ್ನಡದ ಕೃತಿಗಳನ್ನು ಅವರು ಒಂದೊಂದಾಗಿ ಬಿಡಿಸುತ್ತ ಹೋದರು.

ಆ ಓದಿನ ಫಲವಾಗಿ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು. ಹದಿಮೂರನೆಯ ಶತಮಾನದ ಈ ವ್ಯಾಕರಣಕ್ಕೂ ಕಿಟ್ಟೆಲ್ಲರ ಮನೋಧರ್ಮಕ್ಕೂ ಚೆನ್ನಾಗಿ ಹೊಂದಿಕೆಯಾಯಿತೆಂದು ತೋರುತ್ತದೆ. ಕೇಶಿರಾಜನು ಸೂತ್ರವೊಂದನ್ನು ಹೇಳಿ, ಅದಕ್ಕೆ ವೃತ್ತಿಯನ್ನು ಬರೆದು, ಅಷ್ಟಕ್ಕೇ ಬಿಡುವುದಿಲ್ಲ, ಪ್ರಯೋಗಗಳನ್ನು ಕೊಡುತ್ತಾನೆ. ಹಿಂದಿನ ಕವಿಗಳು ಬಳಸಿದ ಮಾತೇ ಅವನಿಗೆ ಸಾಕ್ಷಿ. ಮೊದಲಲ್ಲಿ ನೋಡಿದ ಕಿರುಗಾವಲು ಎಂಬ ಹೆಸರಿನಲ್ಲಿ ಕಾವಲಿನ ಕಕಾರ ಗಕಾರವಾದದ್ದು ಏಕೆಂದು ಕೇಳಿದರೆ ಉತ್ತರ ದೊರೆಯುವುದೂ ಕೇಶಿರಾಜನಲ್ಲಿಯೇ. ಸಮಾಸದಲ್ಲಿ ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದನ್ನು ಅವನು ನಿರೂಪಿಸಿದ್ದಾನೆ. ಬೆಟ್ಟದಾವರೆ, ಹೊಂಗನಸು, ಕಂಬನಿ ಎಂಬಲ್ಲಿ ನಡೆದದ್ದೇ ಮಳವಳ್ಳಿ ತಾಲ್ಲೂಕಿನ ಒಂದು ಊರಿನ ಹೆಸರಿನಲ್ಲಿಯೂ ನಡೆದಿದೆ. ಪದಗಳು ಜೊತೆ ಸೇರಿದಾಗ ಅರ್ಥ ಮಾತ್ರವಲ್ಲ, ಅಕ್ಷರವೂ ಬದಲಾಗುತ್ತದೆ ಎಂಬುದನ್ನು ಆ ಪ್ರಾಚೀನ ವೈಯಾಕರಣನು ಕಂಡಿದ್ದನು.

ಅನಂತರ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು, ಕನ್ನಡ ಸಾಹಿತ್ಯವನ್ನು ಕುರಿತ ಒಂದು ಪ್ರಬಂಧದೊಡನೆ ಪ್ರಕಟಿಸಿದರು. ಸಂಸ್ಕೃತ ನಿಘಂಟುಗಳಲ್ಲಿ ಸೇರಿಹೋಗಿರುವ ದ್ರಾವಿಡ ಪದಗಳನ್ನು ಕುರಿತೂ ಬರೆದರು. ಕನ್ನಡವು ಸಂಸ್ಕೃತದಿಂದ ಪಡೆದದ್ದನ್ನು ಹೇಳುವವರು ಬಹುಮಂದಿ ಇದ್ದರು. ಕೊಟ್ಟದ್ದೂ ಉಂಟೆಂದು ತೋರಿಸಲು ಹೊರಟವರು ಆಗ ವಿರಳ.

ಇಷ್ಟೆಲ್ಲವೂ ಒಂದು ಮಹಾಕಾರ್ಯದ ಸಿದ್ಧತೆಯಾಗಿ ಪರಿಣಮಿಸಿತು. 1870ರ ದಶಕದಲ್ಲಿ ಹೊಸದೊಂದು ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸುವ ಹೊಣೆ ಅವರ ಮೇಲೆ ಬಿದ್ದಿತು. ಅಂದಿನ ಸ್ಥಿತಿಯನ್ನು ನೆನೆದರೆ ಈ ಹೊಣೆಯ ಭಾರ ತಿಳಿಯುತ್ತದೆ. ಪಂಪನ ಭಾರತ ಇನ್ನೂ ಅಚ್ಚಾಗಿರಲಿಲ್ಲ, ‘ಕವಿರಾಜಮಾರ್ಗ’ವೂ ಆಗಿರಲಿಲ್ಲ. ಅವೆರಡೂ ಪ್ರಕಟವಾದದ್ದು 1898ರಲ್ಲಿ, ನಿಘಂಟು ಮುಗಿದ ಮೇಲೆ. ಆದುದರಿಂದ ಕನ್ನಡದ ಹಲವು ಶ್ರೇಷ್ಠ ಕೃತಿಗಳ ಶಬ್ದಸಂಪತ್ತು ಕಿಟ್ಟೆಲ್ಲರ ಕೈಗೆ ಸಿಗಲಿಲ್ಲ. ಅದು ಅವರ ನಿಘಂಟಿನ ಕೊರತೆಯೇ ಸರಿ. ಆದರೆ ಅವರ ದೋಷವಲ್ಲ. ಸಿಕ್ಕಿದ್ದನ್ನೆಲ್ಲ ಅವರು ಬಿಡದೆ ಓದಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು, ಕೇಶಿರಾಜ, ನಾಗವರ್ಮ, ‘ಕಬ್ಬಿಗರ ಕೈಪಿಡಿ’ಯಂಥ ಹಳೆಯ ನಿಘಂಟುಗಳು, ಅಮರಕೋಶಕ್ಕೆ ನಾಚಿರಾಜನು ಬರೆದ ಕನ್ನಡ ಟೀಕೆ ಮುಂತಾದವುಗಳಿಂದ ಪದಗಳನ್ನೂ ಪ್ರಯೋಗಗಳನ್ನೂ ಆಯ್ದರು. ಮತಭೇದವೆಂಬುದು ಈ ಆಯ್ಕೆಯಲ್ಲಿ ಸುಳಿಯಲಿಲ್ಲ. ಶರಣರ ಕಥೆಯ ಮಾತಿಗೂ ಹರಿದಾಸರ ಮಾತಿಗೂ ಜೈನ ವಿದ್ವಾಂಸರ ಮಾತಿಗೂ ಅಲ್ಲಿ ಸಮಾನವಾದ ಸ್ಥಾನ ದೊರೆಯಿತು.

ಪುಸ್ತಕದ ಮಾತು ಅರ್ಧವಾದರೆ ಬಾಯಿಮಾತು ಇನ್ನರ್ಧ. ಅಡುಗೆಮನೆಯಲ್ಲಿ, ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಕಮ್ಮಾರಸಾಲೆಯಲ್ಲಿ ಆಡುವ ಪದಗಳು ಯಾವ ಕಾವ್ಯದಲ್ಲಿಯೂ ಬರದೆ ಇರಬಹುದು. ಅವು ಜನರ ನಾಲಗೆಯ ಮೇಲೆ ಮಾತ್ರ ಬದುಕಿರುತ್ತವೆ. ಕಿಟ್ಟೆಲ್ಲರು ಅಂಥ ಪದಗಳನ್ನು ಸೇರಿಸಿಕೊಂಡು, ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು, ಎಂದರೆ ಧಾರವಾಡದ ಕಡೆಯದು, ಎಂದು ಗುರುತು ಹಾಕಿದರು. ಗಾದೆಗಳನ್ನು ಅವರು ವಿಶೇಷವಾಗಿ ಮೆಚ್ಚಿಕೊಂಡರು. ಪದವೊಂದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ, ಆ ಪದ ಬರುವ ಗಾದೆಯನ್ನೋ ನುಡಿಗಟ್ಟನ್ನೋ ಕಾವ್ಯದ ಒಂದು ತುಣುಕನ್ನೋ ಕೊಡುವುದು ಅವರ ರೀತಿ. ಹೀಗಾಗಿ ಅವರ ನಿಘಂಟಿನಲ್ಲಿ ಒಂದು ಪದವನ್ನು ಹುಡುಕಲು ಹೋದವನು ಹೊರಗೆ ಬರುವ ವೇಳೆಗೆ ಅದರ ನೆಂಟರಿಷ್ಟರನ್ನೆಲ್ಲ ಕಂಡುಬಂದಿರುತ್ತಾನೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಅದಕ್ಕೆ ಸೋದರಪದಗಳಿದ್ದರೆ ಅವೂ ಅಲ್ಲಿಯೇ ಇವೆ. ಯಾವುದು ಅಚ್ಚಕನ್ನಡ, ಯಾವುದು ತದ್ಭವ, ಯಾವುದು ಸಂಸ್ಕೃತದಿಂದ ಹಾಗೆಯೇ ಬಂದದ್ದು ಎಂಬುದನ್ನೂ ತೋರಿಸಿದ್ದಾರೆ. ಹೊಸಗನ್ನಡದ ಬರಹದಿಂದ ಮರೆಯಾಗಿದ್ದ ಱ, ೞ ಎಂಬ ಅಕ್ಷರಗಳು ಹಿಂದೆ ಯಾವ ಪದಗಳಲ್ಲಿದ್ದವೆಂದು ಗುರುತಿಸಿದ್ದಾರೆ.

ಭಾಷೆ ಕಲಿಯುವ ವಿದ್ಯಾರ್ಥಿಗಳು ಈ ರೀತಿಯನ್ನು ಗಮನಿಸತಕ್ಕದ್ದು. ಇಂಗ್ಲಿಷ್ ಕಲಿಯುವಾಗ ನಮ್ಮ ಮಕ್ಕಳು ಪುಟದ ಎಡಗಡೆಗೆ ಒಂದು ಪದ, ಬಲಗಡೆಗೆ ಅದರ ಅರ್ಥ ಎಂದು ಗೆರೆ ಎಳೆದು ಬರೆದು, ರಾತ್ರಿಯೆಲ್ಲ ಉರುಹೊಡೆಯುವುದುಂಟು. ಪರೀಕ್ಷೆಯ ಮರುದಿನ ಆ ಪದಗಳಲ್ಲಿ ಎಷ್ಟು ಉಳಿದಿರುತ್ತವೆಯೋ ದೇವರೇ ಬಲ್ಲ! ಅದೇ ಪದವನ್ನು ತಾನು ಕೇಳಿದ ಅಥವಾ ಓದಿದ ಒಂದು ವಾಕ್ಯದೊಡನೆ ಬರೆದುಕೊಂಡವನಿಗೆ ಅದರ ಜೊತೆಗಾರ ಪದಗಳೂ ನೆನಪಿನಲ್ಲಿ ನಿಲ್ಲುತ್ತವೆ. ಕಿಟ್ಟೆಲ್ಲರ ಬೃಹತ್ ಗ್ರಂಥವನ್ನು ಒಂದು ದೃಷ್ಟಿಯಿಂದ ನೋಡಿದರೆ ಅದು, ನಾಲ್ಕು ದಶಕಗಳ ಕಾಲ ಎಚ್ಚರದಿಂದ ಕನ್ನಡ ಕಲಿತ ಒಬ್ಬ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವೇ ಆಗಿದೆ.

ಆ ಪುಸ್ತಕಕ್ಕಾಗಿ ಅವರು ತೆತ್ತ ಬೆಲೆ ಚಿಕ್ಕದಲ್ಲ. 1877ರ ವೇಳೆಗೆ ಆರೋಗ್ಯ ಕೆಟ್ಟು, ಅವರು ಜರ್ಮನಿಗೆ ಹಿಂದಿರುಗಬೇಕಾಯಿತು. ಹಸ್ತಪ್ರತಿಯ ಕೆಲಸವನ್ನು ಅಲ್ಲಿಯೂ ಮುಂದುವರಿಸಿದರು. ಆದರೆ ಒಂದು ತೊಡಕಿತ್ತು. ಕಾವ್ಯದ ಪದಕ್ಕೆ ಪುಸ್ತಕವನ್ನು ತಿರುವಿ ಹಾಕಬಹುದು. ಆಡುಮಾತಿನ ಪದಕ್ಕೆ ಯಾರನ್ನು ಕೇಳುವುದು? ಮಳೆ ಹಿಡಿಯುವುದಕ್ಕೂ ಮಳೆ ಬರುವುದಕ್ಕೂ ಇರುವ ವ್ಯತ್ಯಾಸವನ್ನು ಜರ್ಮನಿಯ ಊರೊಂದರಲ್ಲಿ ಕುಳಿತು ತಿಳಿಯಲಾಗುವುದಿಲ್ಲ. ಐವತ್ತು ದಾಟಿದ ಕಿಟ್ಟೆಲ್ಲರು ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು, 1883ರಲ್ಲಿ ಒಬ್ಬರೇ ಮತ್ತೆ ಕನ್ನಡ ನಾಡಿಗೆ ಬಂದರು. ಕಣ್ಣುಗಳು ಅವರನ್ನು ಬಾಧಿಸುತ್ತಿದ್ದವು. ಸಣ್ಣ ಅಕ್ಷರಗಳನ್ನು ಓದುವುದೇ ಜೀವನವಾಗಿದ್ದವರಿಗೆ ಇದಕ್ಕಿಂತ ದೊಡ್ಡ ತೊಂದರೆ ಯಾವುದಿದ್ದೀತು? ಆದರೂ ಕನ್ನಡ ಪಂಡಿತರನ್ನು ಜೊತೆಯಲ್ಲಿ ಕೂರಿಸಿಕೊಂಡು, ಪದಪದವನ್ನೂ ವಿಚಾರಿಸಿ, ಸಂಶಯ ಬಂದಲ್ಲಿ ಮತ್ತೆ ಮತ್ತೆ ಕೇಳಿ, ವರ್ಷಗಟ್ಟಲೆ ದುಡಿದರು. ಕನ್ನಡಿಗ ಪಂಡಿತರ ಈ ಪಾಲನ್ನು ನಾವು ಮರೆಯಬಾರದು. ಕೇಳುವವನಷ್ಟೇ ಹೇಳುವವನೂ ಮುಖ್ಯ. 1892ರಲ್ಲಿ ಕಿಟ್ಟೆಲ್ಲರು ಭಾರತವನ್ನು ಕೊನೆಯ ಬಾರಿಗೆ ಬಿಟ್ಟು ಟ್ಯೂಬಿಂಗನ್ ನಗರಕ್ಕೆ ತೆರಳಿದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಪದಗಳು, 1,752 ಪುಟಗಳು. ಕನ್ನಡ, ರೋಮನ್ ಅಕ್ಷರಗಳ ಮೊಳೆಗಳನ್ನು ಕೈಯಿಂದ ಒಂದೊಂದಾಗಿ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ ಇಂಥ ಗ್ರಂಥವೊಂದು ಮುಗಿದು ಹೊರಬಂದದ್ದು ಆ ಮುದ್ರಣಾಲಯದ ಕೆಲಸಗಾರರ ತಾಳ್ಮೆಗೂ ಸಾಕ್ಷಿ. ಎರಡು ವರ್ಷಗಳ ತರುವಾಯ, 1896ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ತರುಣನಾಗಿದ್ದಾಗ ಕಾಲಹರಣವೆಂದು ಎಣಿಸಲಾಗಿದ್ದ ಹವ್ಯಾಸಕ್ಕೆ ಮುಪ್ಪಿನಲ್ಲಿ ದೊರೆತ ಮನ್ನಣೆ ಅದು.

ಮನ್ನಣೆ ದೊರೆತ ಮೇಲೆ ವಿಶ್ರಾಂತಿ ಪಡೆಯುವುದು ಲೋಕರೂಢಿ. ಕಿಟ್ಟೆಲ್ಲರು ವ್ಯಾಕರಣ ಬರೆಯಲು ಕುಳಿತರು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಳಗೊಂಡ ಅವರ ಕನ್ನಡ ವ್ಯಾಕರಣವು ಇಂಗ್ಲಿಷಿನಲ್ಲಿ ರಚಿತವಾಗಿ 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗನ್ನಿನಲ್ಲಿ ಕಣ್ಮುಚ್ಚಿದರು.

ಧಾರವಾಡದ ಒಂದು ಕಾಲೇಜಿಗೆ ಇಂದು ಅವರ ಹೆಸರಿದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ನಿಘಂಟಿನ ಬಾಳು ಅವರ ಬಾಳಿಗಿಂತ ದೀರ್ಘವಾಯಿತು. ಮದರಾಸು ವಿಶ್ವವಿದ್ಯಾನಿಲಯದ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ವಿಸ್ತರಿಸಿ, 1968ರಿಂದ 1971ರವರೆಗಿನ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕಿಟ್ಟೆಲ್ಲರಿಗೆ ದೊರೆಯದೆ ಹೋಗಿದ್ದ ಪಂಪನ ಭಾರತ ಅಷ್ಟರಲ್ಲಿ ಅಚ್ಚಾಗಿ ಎಪ್ಪತ್ತು ವರ್ಷಗಳಾಗಿದ್ದವು.